ಹುಳಿ ಟೊಮೆಟೊ ಸಸಿಗೆ ಬಲೆಮನೆ
ಕೊಳ್ಳೇಗಾಲ, ಹನೂರು, ಯಳಂದೂರು ಭಾಗದಲ್ಲಿ ಹಿತ್ತಿಲಿಗೆ ನಾಟಿ ಹುಳಿ ಟೊಮೆಟೊ ಹಾಕುವವರು ಎಲೆ ಮುಟುರು ರೋಗದ ಬಗ್ಗೆ ಎಚ್ಚರ ವಹಿಸಬೇಕು. ಈ ನಂಜನ್ನು ಹರಡುವುದು ಬಿಳಿನೊಣ. ಎಳೆಯ ಸಸಿಗೆ ತಗುಲಿದರೆ ಕಾಯಿಯ ಆಸೆ ಬಿಡಬೇಕಾದೀತು.

ರೇಷ್ಮೆ ಹುಳುಮನೆಯ ಕಿಟಕಿಗೆ ಕಟ್ಟಿ ಉಳಿದ ಊಜಿ ಬಲೆಯನ್ನೇ ಸಸಿಮಡಿಗೂ ಹೊದಿಸಿದರೆ ಸಾಲದು. 1980ರಲ್ಲಿ ರಾಜ್ಯಕ್ಕೆ ಬಂದ ಊಜಿ ಮನೆನೊಣಕ್ಕಿಂತ ದಪ್ಪ. ಬಿಳಿನೊಣವೋ ಒಂದು ಮಿಲಿಮೀಟರಿನಷ್ಟು, ಆ ಕಣ್ಣುಗಳಲ್ಲಿ ಸಲೀಸಾಗಿ ನುಸುಳುತ್ತದೆ. ಅಂಗುಲಕ್ಕೆ 40ರಿಂದ 50 ಕಣ್ಣಿನ ನೈಲಾನ್ ಬಲೆ ಬೇಕು. ಬಿದಿರು ದಬ್ಬೆ ಬಗ್ಗಿಸಿ ನೆಟ್ಟು ಬಲೆ ಹೊದಿಸಿ, ಅಂಚಿಗೆ ಮಣ್ಣು ಏರಿಸಿ. ಪ್ಲಾಸ್ಟಿಕ್ ಹಾಳೆ ಬೇಡ, ನಮ್ಮ ಬಿಸಿಲಿಗೆ ಸಸಿ ಬೆಂದುಹೋಗುತ್ತದೆ. ಸುಮಾರು 25 ದಿನದ ಸಸಿಯನ್ನು ನಾಟಿ ಮಾಡಬಹುದು.

ಬೀಜಕ್ಕೆ ರೋಗವಿಲ್ಲದ ಗಿಡದ ಮಾಗಿದ ಹಣ್ಣು ಆರಿಸಿ, ತಿರುಳನ್ನು ಒಂದೆರಡು ದಿನ ಹುಳಿಯಲು ಬಿಟ್ಟು, ತೊಳೆದು ನೆರಳಲ್ಲಿ ಒಣಗಿಸಿ.