ಯಾರ ಕಣ್ಣು, ಯಾವ ಎತ್ತರ?

ಬೀದರ್‌ನಿಂದ ಜಹೀರಾಬಾದ್ ಕಡೆ ಹೊರಟರೆ ರಾಜ್ಯದ ಗಡಿ ದಾಟಿದೊಡನೆ ಸಿಗುವುದು ನ್ಯಾಲ್ಕಲ್ ಮಂಡಲ. ಅಲ್ಲಿನ ಒಂದು ಹಳ್ಳಿಯಲ್ಲಿ ಸಂಘದ ಹೆಣ್ಣುಮಕ್ಕಳು ಕಲೆತಿದ್ದರು. ವಿಡಿಯೊ ಕ್ಯಾಮೆರಾ ಹಿಡಿದಿದ್ದ ಹಿರಿಯಾಕೆಯೊಬ್ಬರು ಎದ್ದು ನಿಂತು, ನೆಲದ ಮೇಲೆ ಕೂತಿದ್ದ ಗೆಳತಿಯ ಕಡೆ ಅದನ್ನು ಬಾಗಿಸಿದರು. "ಇದು ಪಟೇಲ್ ಶಾಟ್." ಆಮೇಲೆ ಕುಕ್ಕರಗಾಲಲ್ಲಿ ಕೂತು, ನಿಂತವರೊಬ್ಬರ ಮುಖಕ್ಕೆ ಕ್ಯಾಮೆರಾ ಎತ್ತಿದರು. "ಇದು ಜೀತದಾಳಿಂದು." ಕೊನೆಗೆ ಗೆಳತಿಯ ಎದುರಿಗೇ ಚಕ್ಕಳಮಕ್ಕಳ ಹಾಕಿ, ಕಣ್ಣಿಗೆ ಕಣ್ಣು ಸಮ ಬರುವಂತೆ ಹಿಡಿದರು. "ಇದು ಸಂಘಂ ಶಾಟ್. ಬರ್ರಿ ಅಣ್ಣಾ, ನೀವೂ ಕೆಳಗ ಕುಂದ್ರಿ, ಅಂದ್ರ ತಿಳೀತದ."

ಕೂತೆ, ತಿಳಿಯಿತು. ಕಣ್ಣೋಟದ ಬಗ್ಗೆ ನಾನು ಓದಿದ ಯಾವ ಪುಸ್ತಕವೂ ಇಷ್ಟು ಬೇಗ, ಇಷ್ಟು ಆಳವಾಗಿ ಕಲಿಸಿರಲಿಲ್ಲ.

ಜಹೀರಾಬಾದ್ ಪಕ್ಕದ ಪಸ್ತಾಪುರದಲ್ಲಿ 1983ರಲ್ಲಿ ಆರಂಭವಾದ ಡೆಕ್ಕನ್ ಡೆವಲಪ್‌ಮೆಂಟ್ ಸೊಸೈಟಿಯ ಹೆಸರು ಸಿರಿಧಾನ್ಯದ ಮಾತು ಬಂದಾಗಲೆಲ್ಲ ಕೇಳಿಬರುತ್ತದೆ. ಅದನ್ನು ಕಟ್ಟಿದವರಲ್ಲಿ ಪ್ರಮುಖರಾದ ಪಿ.ವಿ. ಸತೀಶ್ ಮೈಸೂರಿನವರು, ದೂರದರ್ಶನದಲ್ಲಿ ದುಡಿದವರು. 2023ರ ಮಾರ್ಚ್‌ನಲ್ಲಿ ತೀರಿಕೊಂಡರು. 1990ರ ದಶಕದ ಕೊನೆಯ ಹೊತ್ತಿಗೆ ಈ ಸೊಸೈಟಿಯ ಹಳ್ಳಿ ಸಂಘಗಳ ಹೆಣ್ಣುಮಕ್ಕಳು ಕ್ಯಾಮೆರಾ ಕಲಿತರು. ಹೆಚ್ಚಿನವರು ದಲಿತರು, ಅಕ್ಷರ ಬಾರದವರು. ಮುಂದೆ ಹತ್ತಿಯ ಬೆಳೆ ಕೈಕೊಟ್ಟ ವರಂಗಲ್ ರೈತರ ಕಷ್ಟವನ್ನೂ ಅವರೇ ಚಿತ್ರೀಕರಿಸಿದರು. 2008ರಲ್ಲಿ ಮಾಚನೂರಿನಿಂದ ಸಂಘಂ ರೇಡಿಯೊ ಮಾತಾಡತೊಡಗಿತು.

ನನ್ನ ಮನಸ್ಸು ಮಾತ್ರ ಆ ಮೂರು ಶಾಟ್‌ಗಳಲ್ಲೇ ನಿಂತಿದೆ. ಸಿನಿಮಾ ಶಾಲೆಯ ಪುಸ್ತಕ ಕೇಳುವುದು ಕ್ಯಾಮೆರಾ ಎಲ್ಲಿದೆ ಎಂದು: ಮೇಲಿದೆಯೋ, ಕೆಳಗಿದೆಯೋ, ಕಣ್ಣ ಮಟ್ಟಕ್ಕಿದೆಯೋ. ಈ ಹೆಣ್ಣುಮಕ್ಕಳು ಕೇಳಿದ್ದು, ನೋಡುತ್ತಿರುವವರು ಯಾರು ಎಂದು. ಪುಸ್ತಕದ ಪ್ರಕಾರ ಕೆಳಗಿನಿಂದ ತೆಗೆದರೆ ಎದುರಿನವನು ದೊಡ್ಡವನಾಗಿ ಕಾಣುತ್ತಾನೆ, ಅಷ್ಟೇ. ಇವರ ಲೆಕ್ಕದಲ್ಲಿ, ಹಾಗೆ ಕಾಣುವಾಗ ನೋಡುವವನು ಎಷ್ಟು ಕುಗ್ಗಿದ್ದಾನೆ ಎನ್ನುವುದೂ ಆ ಚೌಕಟ್ಟಿನೊಳಗೇ ಇದೆ. ಒಂದು ನೋಟಕ್ಕೆ ಎರಡು ತುದಿ ಇರುತ್ತವೆ ಎಂಬುದನ್ನು ಅವರು ಮರೆಯಲಿಲ್ಲ.

ಮರೆಯುವುದಾದರೂ ಹೇಗೆ? ಇದು ನಿಜಾಮರ ಸೀಮೆ, ಬಿಟ್ಟಿ ದುಡಿಮೆ ಕಂಡ ನೆಲ. ನ್ಯಾಲ್ಕಲ್ 1956ರ ನವೆಂಬರ್ 1ರ ತನಕ ಬೀದರ್ ತಾಲ್ಲೂಕಿಗೇ ಸೇರಿತ್ತು. ವಂಶಪಾರಂಪರ್ಯದ ಪಟೇಲ್‌ ಪಟವಾರಿ ಹುದ್ದೆ, ಈ ಸೀಮೆ ಆಗ ಸೇರಿದ್ದ ಆಂಧ್ರಪ್ರದೇಶದಲ್ಲಿ ರದ್ದಾದದ್ದು 1984ರಲ್ಲಿ. ಅಂದರೆ ಕ್ಯಾಮೆರಾ ಹಿಡಿದ ಮೊದಲ ತಲೆಮಾರಿನವರು ಆ ಕಾಲವನ್ನು ಸ್ವತಃ ಕಂಡವರು. ಪಟೇಲ ಕಟ್ಟೆಯ ಮೇಲೆ, ಆಳು ಅಂಗಳದಲ್ಲಿ. ಕಟ್ಟೆಯ ಮೇಲಿನವನು ಎಷ್ಟು ಹೊತ್ತು ಬೇಕಾದರೂ ದಿಟ್ಟಿಸಬಹುದು. ಕೆಳಗಿನವನು ಕಣ್ಣೆತ್ತಿದರೆ ಸೊಕ್ಕು, ಇಳಿಸಿದರೆ ಕಳ್ಳತನ. ಹೆಂಗಸಾದರೆ ಸೆರಗೂ ತಲೆಯ ಮೇಲೆ ಬರಬೇಕು.

ನೋಟದ ಬಗ್ಗೆ ವಿಜ್ಞಾನ ಹೇಳುವುದೂ ರೋಚಕವೇ. ಮನುಷ್ಯನ ಕಣ್ಣಿನ ಬಿಳಿಭಾಗ ಬೇರೆ ವಾನರ ಜಾತಿಗಳಿಗಿಂತ ಎದ್ದು ಕಾಣುತ್ತದೆ, ಆದ್ದರಿಂದ ನಾವು ಎತ್ತ ನೋಡುತ್ತಿದ್ದೇವೆ ಎಂಬುದು ಎದುರಿನವರಿಗೆ ಗೊತ್ತಾಗಿಬಿಡುತ್ತದೆ ಎಂದು ಜಪಾನಿನ ಕೊಬಯಾಶಿ ಮತ್ತು ಕೊಶಿಮಾ 1997ರಲ್ಲಿ ಬರೆದರು. ಹುಟ್ಟಿ ಎರಡರಿಂದ ಐದು ದಿನವಾದ ಕೂಸು ಕೂಡ ತನ್ನನ್ನು ನೇರವಾಗಿ ನೋಡುವ ಮುಖವನ್ನೇ ಹೆಚ್ಚು ಹೊತ್ತು ನೋಡುತ್ತದೆ ಎಂದು 2002ರ ಅಧ್ಯಯನವೊಂದು ತೋರಿಸಿತು. ಇವನ್ನು ಸಂತೋಷದಿಂದ ಒಪ್ಪುತ್ತೇನೆ. ಆದರೆ 2016ರಲ್ಲಿ ಲಂಡನ್ನಿನಿಂದ ಬಂದ ಲೆಕ್ಕ, ಅಂದರೆ ಕಣ್ಣಿಗೆ ಕಣ್ಣು ಸೇರಿಸಲು ಹಿತವಾದ ಹೊತ್ತು ಸರಾಸರಿ 3.3 ಸೆಕೆಂಡ್ ಎಂಬುದು, ನನಗೆ ಅರ್ಧ ಉತ್ತರವಾಗಿ ಕಾಣುತ್ತದೆ. ಮ್ಯೂಸಿಯಂಗೆ ಬಂದವರು ಪರದೆಯ ಮೇಲಿನ ನಟರ ಮುಖ ನೋಡಿ ಕೊಟ್ಟ ಉತ್ತರ ಅದು. ಸಾಲ ಕೊಟ್ಟವನ ಎದುರು ನಿಂತ ಕೂಲಿಯವಳಿಗೆ ಒಂದು ಸೆಕೆಂಡೂ ಹೆಚ್ಚು. ಗೆಳತಿಯರ ನಡುವೆ ಕೂತಾಗ ಅದೇ ಹೆಣ್ಣುಮಗಳಿಗೆ ಇಡೀ ಮಧ್ಯಾಹ್ನವೂ ಸಾಲದು.

ತಲೆ ತಗ್ಗಿಸುವುದೇ ನಮ್ಮ ಮರ್ಯಾದೆ ಎಂದು ಯಾರಾದರೂ ವಾದಿಸಬಹುದು. ಅಜ್ಜನ ಮುಂದೆ ಪ್ರೀತಿಯಿಂದ ತಗ್ಗುವ ಕಣ್ಣಿಗೆ ನನ್ನ ತಕರಾರಿಲ್ಲ. ಆ ಅಜ್ಜ ಮೊಮ್ಮಗನ ಗದ್ದ ಹಿಡಿದು ಮುಖ ಮೇಲೆತ್ತುತ್ತಾನೆ. ಯಾರೂ ಮೇಲೆತ್ತದ ಕಣ್ಣುಗಳ ಬಗ್ಗೆ ನನ್ನ ಮಾತು.

ಸಂಘದ ಹೆಣ್ಣುಮಕ್ಕಳು ಕಂಡುಕೊಂಡದ್ದು ಕ್ಯಾಮೆರಾಕ್ಕಷ್ಟೇ ಸಲ್ಲುವ ವಿಚಾರವಲ್ಲ. ಗಡಿಯ ಈಚೆಗೂ ಆಚೆಗೂ ಪಿಂಚಣಿ ಕೇಳಲು ಬಂದ ಮುದುಕಿ ಮೇಜಿನ ಈಚೆ ನಿಂತಿರುತ್ತಾಳೆ, ಗುಮಾಸ್ತ ಕಡತದಿಂದ ಕಣ್ಣೆತ್ತುವುದಿಲ್ಲ. ಪಟೇಲಗಿರಿ ಕಾನೂನಿನಲ್ಲಿ ಹೋಗಿದೆ, ನೋಟದಲ್ಲಿ ಉಳಿದಿದೆ. ಅದನ್ನು ತೆಗೆಯಲು ಹೊಸ ಯೋಜನೆಯಾಗಲಿ ಆದೇಶವಾಗಲಿ ಬೇಡ. ಮೇಜಿನ ಈಚೆಗೂ ಒಂದು ಕುರ್ಚಿ ಹಾಕಿ, ಆಕೆಯನ್ನು ಕೂರಿಸಿ, ಮುಖ ನೋಡಿ ಹೆಸರು ಕೇಳಿದರೆ ಸಾಕು.