ಷ ಹೋಗಿ ಪ ಆಗುವ ಫೋಟೋ

ಫೋಟೋಗ್ರಫಿಯ ಇತಿಹಾಸ ಓದುವಾಗ ಶಾಸನಾಸಕ್ತರು ಸ್ವಲ್ಪ ತಡೆದು ನೋಡಬೇಕಾದ ಹೆಸರು ವಿಲಿಯಂ ಹೆನ್ರಿ ಫಾಕ್ಸ್ ಟಾಲ್ಬಾಟ್. 1839ರಲ್ಲಿ ಪ್ಯಾರಿಸ್ಸಿನಲ್ಲಿ ಬಹಿರಂಗವಾದ ಡಾಗೇರ್ ವಿಧಾನದಲ್ಲಿ ಒಂದು ತಗಡಿಗೆ ಒಂದೇ ಚಿತ್ರ. ಟಾಲ್ಬಾಟ್ 1841ರಲ್ಲಿ ಪೇಟೆಂಟ್ ಪಡೆದದ್ದು ಕಾಗದದ ನೆಗೆಟಿವ್‌ಗೆ. ಅದರಿಂದ ಬೇಕಾದಷ್ಟು ಪ್ರತಿ ತೆಗೀಬಹುದು. ಇದೇ ಮನುಷ್ಯ ಅಸ್ಸೀರಿಯಾದ ಬೆಣೆಲಿಪಿಯನ್ನೂ ಓದುತ್ತಿದ್ದರು! 1857ರಲ್ಲಿ ಟಾಲ್ಬಾಟ್, ರಾಲಿನ್ಸನ್, ಹಿಂಕ್ಸ್, ಆಪರ್ಟ್ ಈ ನಾಲ್ವರೂ ಒಂದೇ ಶಾಸನವನ್ನು ಬೇರೆಬೇರೆಯಾಗಿ ಅನುವಾದಿಸಿ, ಲಂಡನ್ನಿನ ರಾಯಲ್ ಏಷ್ಯಾಟಿಕ್ ಸೊಸೈಟಿಗೆ ಕೊಟ್ಟರು. ಅರ್ಥಗಳು ಬಹುಮಟ್ಟಿಗೆ ಹೊಂದಿದವು. ಲಿಪಿ ಬಿಡಿಸಿದ್ದು ನಿಜ ಅಂತ ಜನ ಒಪ್ಪಿದರು. ಅಲ್ಲಿ ಬಳಕೆಯಾದದ್ದು ಫೋಟೋ ಅಲ್ಲ, ಕಲ್ಲಚ್ಚಿನ ಪ್ರತಿ. ಆದರೆ ಒಂದೇ ಪ್ರತಿ ಹಲವರ ಕೈಗೆ ಸಿಕ್ಕರೆ ಓದು ಪರೀಕ್ಷೆಗೆ ಒಳಗಾಗುತ್ತೆ ಅನ್ನೋದು ಆಗ ಸಾಬೀತಾಯಿತು.

ಅಷ್ಟರಲ್ಲಿ ಕಾಗದದ ನೆಗೆಟಿವ್ ನಮ್ಮ ಕಡೆಗೂ ಬಂದಿತ್ತು. 1855ರಲ್ಲಿ ಥಾಮಸ್ ಬಿಗ್ಸ್ ಬಿಜಾಪುರ, ಬಾದಾಮಿ, ಐಹೊಳೆಗಳನ್ನು ಅದರಲ್ಲೇ ಸೆರೆಹಿಡಿದರು. ಮುಂದೆ ಮೇಜರ್ ಡಿಕ್ಸನ್ ಮೈಸೂರು ಸೀಮೆಯ ಶಾಸನಗಳ ಫೋಟೋ ತೆಗೆದರು. ಬಿ.ಎಲ್. ರೈಸ್ ಅವರ 1879ರ 'ಮೈಸೂರ್ ಇನ್‌ಸ್ಕ್ರಿಪ್ಷನ್ಸ್' ಪುಸ್ತಕದ ಹಿಂದೆ ಇರೋದು ಆ ಫೋಟೋಗಳೇ.

ಇಲ್ಲೊಂದು ತೊಡಕಿದೆ. ಕ್ಯಾಮೆರಾ ಹಿಡಿಯೋದು ಅಕ್ಷರವನ್ನಲ್ಲ, ಅಕ್ಷರದ ಕೊರೆತದೊಳಗೆ ಬಿದ್ದ ನೆರಳನ್ನು. ಹಳಗನ್ನಡ ಲಿಪಿಯಲ್ಲಿ ಪ ಅಕ್ಷರದ ಹೊಟ್ಟೆಯೊಳಗೆ ಒಂದು ಅಡ್ಡಗೆರೆ ಇದ್ದರೆ ಅದು ಷ. ಬೆಳಕು ಎಡದಿಂದಲೋ ಬಲದಿಂದಲೋ ಆ ಗೆರೆಯ ಉದ್ದಕ್ಕೇ ಹರಿದರೆ ನೆರಳು ಬೀಳಲ್ಲ, ಗೆರೆ ಮಾಯ, ನೀವು ಪ ಅಂತ ಓದ್ತೀರಿ. ಬೆಳಕು ಕೆಳಗಿನಿಂದ ಬಂದರೆ ಇನ್ನೂ ಮಜಾ: ಕೊರೆದ ಅಕ್ಷರ ಉಬ್ಬಿದ ಹಾಗೆ ಕಾಣುತ್ತೆ. ಪಡಿಯಚ್ಚಿಗೆ ಈ ರೋಗ ಇಲ್ಲ. ಒದ್ದೆ ಕಾಗದ ಎಲ್ಲ ಗುಣಿಗಳಿಗೂ ಇಳಿಯುತ್ತೆ, ಬೆಳಕಿನ ದಿಕ್ಕಿನ ಹಂಗಿಲ್ಲ. ಹಾಗಾಗಿ ಫೋಟೋ ಒಂದನ್ನೇ ನಂಬಿ ಪಾಠ ಅಂತಿಮ ಮಾಡೋದನ್ನು ನಾನು ಒಪ್ಪಲ್ಲ.

ಆದರೆ ಊರ ಹೊರಗಿನ ಕಲ್ಲುಗಳಿಗೆ ಪಡಿಯಚ್ಚು ತೆಗೆಯೋರು ಬರುವ ಮೊದಲೇ ರಸ್ತೆ ಅಗಲ ಮಾಡೋರು ಬರ್ತಾರೆ. ಅಂಥ ಕಲ್ಲಿಗೆ ನಿಮ್ಮ ಮೊಬೈಲ್ ಚಿತ್ರವೇ ಕೊನೆಯ ದಾಖಲೆ ಆಗಬಹುದು. ನೆತ್ತಿಯ ಮೇಲಿನ ಬಿಸಿಲಿನ ಒಂದು ಫೋಟೋ ಸಾಲದು. ಮುಸ್ಸಂಜೆ ಹೋಗಿ, ಮೊಬೈಲನ್ನು ಒಂದೇ ಕಡೆ ಅಲುಗದಂತೆ ನಿಲ್ಲಿಸಿ, ಟಾರ್ಚನ್ನು ಕಲ್ಲಿನ ಮೈಗೆ ಸವರಿದ ಹಾಗೆ ಓರೆಯಾಗಿ ಹಿಡಿದು, ಮೇಲೆ, ಕೆಳಗೆ, ಎಡ, ಬಲ ನಾಲ್ಕೂ ಕಡೆಯಿಂದ ಬೆಳಕು ಕೊಟ್ಟು ನಾಲ್ಕು ಚಿತ್ರ ತೆಗೀರಿ. ಪಕ್ಕದಲ್ಲಿ ಒಂದು ಅಳತೆಪಟ್ಟಿ ಇರಲಿ. ಅಕ್ಷರಕ್ಕೆ ಸುಣ್ಣ, ಸೀಮೆಸುಣ್ಣ ಏನೂ ಬಳಿಯಬೇಡಿ. ಬಳಿದರೆ ಕಲ್ಲಿನಲ್ಲಿ ಇರೋದಲ್ಲ, ನೀವು ಓದಿದ್ದು ಫೋಟೋದಲ್ಲಿ ಬರುತ್ತೆ.