ಸರಕಾರದ ಖರೀದಿ ಈಗ ಗಣಕಯಂತ್ರದಲ್ಲಿ

ಸಂಘದ ಕಾಫಿಪುಡಿಯನ್ನೂ ಅಡಿಕೆಹಾಳೆ ತಟ್ಟೆಯನ್ನೂ ಸರಕಾರಿ ಕಚೇರಿಗಳಿಗೆ, ಹಾಸ್ಟೆಲುಗಳಿಗೆ ಮಾರಲು ಬರುವುದೇ ಎಂದು ಸದಸ್ಯ ಬಾಂಧವರು ಆಗಾಗ ವಿಚಾರಿಸುತ್ತಾರೆ. ಮಾರಬಹುದು. ಆದರೆ ಹೋಗುವ ದಾರಿ ಮೊದಲಿನದಲ್ಲ.

ಹಿಂದೆ ಟೆಂಡರು ಫಾರಂ ತರಲು ಒಮ್ಮೆ, ಅರಗಿನ ಮೊಹರು ಹಾಕಿದ ಲಕೋಟೆ ಸಲ್ಲಿಸಲು ಇನ್ನೊಮ್ಮೆ ಜಿಲ್ಲಾ ಕೇಂದ್ರಕ್ಕೆ ಹೋಗಬೇಕಿತ್ತು. ಯಾರು ಯಾರು ಬಂದಿದ್ದಾರೆಂದು ಅಲ್ಲಿ ಎಲ್ಲರಿಗೂ ಕಾಣುತ್ತಿತ್ತು. ಒಳಒಪ್ಪಂದಕ್ಕೆ ಅಷ್ಟೇ ಸಾಕು. ರಾಜ್ಯದಲ್ಲಿ 1999ರ ಪಾರದರ್ಶಕತೆ ಕಾಯಿದೆಯ ನಂತರ, 2007ರ ಸುಮಾರಿಗೆ ಇ-ಸಂಗ್ರಹಣೆ ಆರಂಭವಾಗಿ ಇಲಾಖೆಗಳ ಟೆಂಡರುಗಳು ಹಂತಹಂತವಾಗಿ ಅದಕ್ಕೆ ಸೇರಿದವು. ಕೇಂದ್ರ ಸರಕಾರವು 2016ರ ಆಗಸ್ಟಿನಲ್ಲಿ 'ಜೆಮ್' ಎಂಬ ಮಾರುಕಟ್ಟೆಯನ್ನು ತೆರೆದು, ಮರುವರ್ಷ ತನ್ನ ಹಳೆಯ ಡಿ.ಜಿ.ಎಸ್.ಅಂಡ್.ಡಿ. ಸಂಸ್ಥೆಯನ್ನು ಮುಚ್ಚಿತು.

ಅಡಿಕೆ ಮಂಡಿಯ ಇ-ಟೆಂಡರನ್ನು ನಾವೆಲ್ಲ ಬಲ್ಲೆವು. ಅಲ್ಲಿ ಕೊಳ್ಳುವವರು ಒಬ್ಬರ ಮೇಲೊಬ್ಬರು ದರ ಏರಿಸುತ್ತಾರೆ. ಇಲ್ಲಿ ಮಾರುವವರು ಒಬ್ಬರಿಗಿಂತ ಒಬ್ಬರು ಇಳಿಸಬೇಕು. ಜೆಮ್‌ನಲ್ಲಿ ಕೆಲವೊಮ್ಮೆ ಇಳಿಹರಾಜೇ ನಡೆಯುತ್ತದೆ. ಆ ಹುರುಪಿನಲ್ಲಿ ಕೈಯಿಂದ ಹಾಕಿಕೊಳ್ಳುವಷ್ಟು ಇಳಿದವರೂ ಉಂಟು. ಹುರಿಯುವ, ಪೊಟ್ಟಣ ಕಟ್ಟುವ, ಸಾಗಿಸುವ ಖರ್ಚೆಲ್ಲ ಕೂಡಿಸಿ ಕನಿಷ್ಠ ದರವನ್ನು ಮೊದಲೇ ಕಾಗದದ ಮೇಲೆ ಬರೆದಿಟ್ಟುಕೊಳ್ಳತಕ್ಕದ್ದು.

ದರಕ್ಕಿಂತಲೂ ಮುಖ್ಯವಾದುದು ಸರಕಿನ ವಿವರಣೆ. ಕಾಯಿದೆಯ ಪ್ರಕಾರ ಕಾಫಿ-ಚಿಕೋರಿ ಮಿಶ್ರಣದಲ್ಲಿ ಕಾಫಿ ಶೇ. 51ಕ್ಕೆ ಕಡಿಮೆಯಿರಕೂಡದು. ಟೆಂಡರಿನಲ್ಲಿ ಬರೀ 'ಕಾಫಿಪುಡಿ' ಎಂದಿದ್ದರೆ, ಅರ್ಧಕ್ಕರ್ಧ ಚಿಕೋರಿ ಬೆರೆಸಿದವನ ದರದ ಮುಂದೆ ನಮ್ಮ ಶುದ್ಧ ಪುಡಿ ನಿಲ್ಲಲಾರದು. ಇಳಕಲ್ಲಿನ ನೇಕಾರರಿಗೂ ಇದೇ ತೊಡಕು. ಬೆರಳಿನಿಂದ ಎಳೆ ಕೂಡಿಸಿ ತೋಪು-ತೆನಿ ಹಾಕಿದ ಕೈಮಗ್ಗದ ಸೀರೆಯೂ ವಿದ್ಯುತ್ ಮಗ್ಗದ ಸೀರೆಯೂ ಪಟ್ಟಿಯಲ್ಲಿ ಒಂದೇ ಹೆಸರಿನಡಿ ಬಂದರೆ ಗೆಲ್ಲುವುದು ಯಾವುದೆಂದು ಹೇಳಬೇಕಾಗಿಲ್ಲ. ಗಣಕಯಂತ್ರಕ್ಕೆ ಅಂಕಿ ಕಾಣುತ್ತದೆ, ರುಚಿ ಕಾಣದು. ಆದುದರಿಂದ ಟೆಂಡರಿನ ಗಡುವು ಮುಗಿಯುವ ಮೊದಲೇ ವಿವರಣೆಯ ಬಗ್ಗೆ ಲಿಖಿತ ಪ್ರಶ್ನೆ ಕಳಿಸಿ, ಚಿಕೋರಿ ಪ್ರಮಾಣವನ್ನು ಸ್ಪಷ್ಟಪಡಿಸಬೇಕೆಂದು ಕೇಳುವುದು ಒಳ್ಳೆಯದು.

ಸಣ್ಣ ಉತ್ಪಾದಕರಿಗೆ ಕೆಲವು ಅನುಕೂಲಗಳಿವೆ. ಉದ್ಯಮ್ ನೋಂದಣಿಯಿದ್ದ ಸಣ್ಣ ಉತ್ಪಾದಕರಿಗೆ ಕೇಂದ್ರದ ಖರೀದಿಗಳಲ್ಲಿ ಮುಂಗಡ ಠೇವಣಿಯ ವಿನಾಯಿತಿ ಉಂಟು. ಅತಿ ಕಡಿಮೆ ದರಕ್ಕಿಂತ ಶೇ. 15ರೊಳಗೆ ಹೆಚ್ಚಿಗೆ ಹೇಳಿದ್ದರೆ, ಆ ಕಡಿಮೆ ದರಕ್ಕೇ ಒಪ್ಪಿ ಒಂದು ಪಾಲನ್ನು ಪೂರೈಸುವ ಅವಕಾಶವೂ ಸಿಗುತ್ತದೆ.

ಹಣದ ಮಾತು. ಸರಕು ಮುಟ್ಟಿದ್ದಕ್ಕೆ ಕಚೇರಿಯವರು ಜಾಲದಲ್ಲಿ ಸ್ವೀಕೃತಿ ದಾಖಲಿಸುವವರೆಗೂ ಬಿಲ್ಲು ಮುಂದೆ ಸರಿಯುವುದಿಲ್ಲ. ಸ್ವೀಕೃತಿಗಾಗಿ ಬೆನ್ನು ಹತ್ತಲೇಬೇಕು. 2006ರ ಸಣ್ಣ ಉದ್ಯಮಗಳ ಕಾಯಿದೆಯಂತೆ 45 ದಿನ ಮೀರಿ ಹಣ ತಡೆಹಿಡಿದರೆ, ರಿಸರ್ವ್ ಬ್ಯಾಂಕು ದರದ ಮೂರು ಪಟ್ಟು ಬಡ್ಡಿಯನ್ನು ಚಕ್ರಬಡ್ಡಿಯಾಗಿ ಕೇಳಬಹುದು. ಗಿರಾಕಿಯನ್ನು ಕಳೆದುಕೊಳ್ಳುವ ಅಂಜಿಕೆಯಿಂದ ಕೇಳುವವರು ವಿರಳ.

2022ರ ಜೂನಿನಲ್ಲಿ ಕೇಂದ್ರ ಸಚಿವ ಸಂಪುಟವು ಸಹಕಾರ ಸಂಘಗಳು ಜೆಮ್‌ನಲ್ಲಿ ಕೊಳ್ಳುವುದಕ್ಕೂ ಒಪ್ಪಿಗೆ ನೀಡಿದೆ. ಮಾರಲು ಹೊರಡುವ ಮುನ್ನ ತೂಕದ ಯಂತ್ರವನ್ನೋ ಕಚೇರಿಯ ಮೇಜನ್ನೋ ಅಲ್ಲಿ ಕೊಂಡು ನೋಡಿದರೆ, ಕೊಳ್ಳುವವರ ಕಣ್ಣಿಗೆ ಸರಕು ಹೇಗೆ ಕಾಣುತ್ತದೆಂಬುದು ಸಂಘದ ಸಿಬ್ಬಂದಿಗೆ ತಿಳಿಯುತ್ತದೆ.